ಪುಣೆಯಲ್ಲಿ ಎನ್ವಿರಾನ್ಮೆಂಟಲ್ ಸೈನ್ಸ್ ಓದ್ಬೇಕು ಅನ್ನೋರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಟ್ವೆಲ್ತ್ ರಿಸಲ್ಟ್ ಬಂದ ಕೂಡ್ಲೇ ಪುಣೆಯಲ್ಲಿರೋ ನಮ್ಮ ಕನ್ನಡದ ಮನೆಗಳಿಂದ, ಆಮೇಲೆ ವಿಜಯಪುರ, ಕಲಬುರಗಿ, ಬೆಳಗಾವಿ ಕಡೆಯಿಂದಾನೂ ಈ ಕೋರ್ಸ್ ಬಗ್ಗೆ ಫೋನ್ ಬರತ್ತೆ. ನಾನು ಇಲ್ಲೇ ಎಂಎಸ್ಸಿ ಮುಗಿಸಿ ನೀರಿನ ಟೆಸ್ಟಿಂಗ್, ನೀರಿನ ಮ್ಯಾನೇಜ್ಮೆಂಟ್ ಕೆಲಸದಲ್ಲೇ ಇರೋಳು, ಹಾಗಾಗಿ ಉತ್ತರಗಳಲ್ಲಿ ನೀರಿನ ಮಾತೇ ಜಾಸ್ತಿ ಇರತ್ತೆ. ಗಾಳಿ, ಕಾಡು, ಕಸ ಓದಿದವರು ಅವರವರ ಉದಾಹರಣೆ ಕೊಡ್ತಾರೆ, ಓದೋ ರೀತಿ ಮಾತ್ರ ಹೆಚ್ಚುಕಮ್ಮಿ ಇದೇ.

ಎಲ್ಲಾ ಕಾಲೇಜಲ್ಲೂ ಇವಿಎಸ್ ಅಂತ ಒಂದು ಪೇಪರ್ ಇರತ್ತಲ್ಲ, ಇದೂ ಅದೇನಾ ಅಕ್ಕಾ?

ಅಲ್ಲ. ಅದು ಬಿಕಾಂ, ಬಿಎ, ಇಂಜಿನಿಯರಿಂಗ್ ಎಲ್ಲರೂ ಬರೀಲೇಬೇಕಾದ ಒಂದೇ ಒಂದು ಪೇಪರ್. ವಕೀಲ ಎಂ.ಸಿ. ಮೆಹ್ತಾ ಹಾಕಿದ ಕೇಸಲ್ಲಿ ಸುಪ್ರೀಂ ಕೋರ್ಟ್ 1991ರಲ್ಲಿ ಪರಿಸರದ ಪಾಠ ಕಡ್ಡಾಯ ಮಾಡಿ ಅಂತ ಹೇಳ್ತು, ಆಮೇಲೆ ಯುಜಿಸಿ ಆರು ತಿಂಗಳ ಸಿಲಬಸ್ ಮಾಡ್ತು, ಅದಕ್ಕೆ ಪಠ್ಯ ಬರೆದುಕೊಟ್ಟವರು ನಮ್ಮ ಪುಣೆಯವರೇ, ಡಾ. ಎರಾಚ್ ಭರೂಚಾ. ಆ ಪೇಪರನ್ನ ಪರೀಕ್ಷೆಯ ಹಿಂದಿನ ರಾತ್ರಿ ಓದಿ ಪಾಸಾದವರು ಈ ಡಿಗ್ರಿನೂ ಹಾಗೇ ಅಂದ್ಕೊಂಡು ಬರ್ತಾರೆ. ಇಲ್ಲಿ ಕೆಮಿಸ್ಟ್ರಿ ಲ್ಯಾಬ್ ಇದೆ, ಸ್ಟ್ಯಾಟಿಸ್ಟಿಕ್ಸ್ ಇದೆ, ಕಾನೂನು ಇದೆ, ಬಿಸಿಲಲ್ಲಿ ನಿಂತು ಸ್ಯಾಂಪಲ್ ತಗೊಳ್ಳೋದಿದೆ. ಪರಿಸರದ ಮೇಲೆ ಪ್ರೀತಿ ಇದ್ರೆ ಒಳ್ಳೇದೇ, ಅದೊಂದೇ ಇದ್ರೆ ಮೊದಲ ಸೆಮಿಸ್ಟರ್‌ನಲ್ಲೇ ಸುಸ್ತಾಗತ್ತೆ.

ಹಾಗಾದ್ರೆ ನಿಜವಾಗ್ಲೂ ಏನ್ ಓದ್ತೀವಿ?

ಸಿಲಬಸ್‌ನ ಪಟ್ಟಿ ಕೊಟ್ರೆ ಏನೂ ಅರ್ಥ ಆಗಲ್ಲ, ಒಂದು ಬಾಟಲಿ ನೀರಿನ ಹಿಂದೆ ಹೋಗೋಣ.

ಮುಳಶಿ ಕಡೆಯಿಂದ ಮುಳಾ ಬರತ್ತೆ, ಟೆಮ್‌ಘರ್ ಕಡೆಯಿಂದ ಮುಠಾ ಬರತ್ತೆ, ಊರ ಮಧ್ಯ ಸಂಗಮದಲ್ಲಿ ಎರಡೂ ಸೇರ್ತವೆ. ಅಲ್ಲಿಂದ ಸ್ವಲ್ಪ ಕೆಳಗೆ ನಿಂತು ಒಂದು ಸ್ಯಾಂಪಲ್ ತಗೊಂಡ್ರಿ ಅಂತಿಟ್ಕೊಳ್ಳಿ. ಮೊದಲು ನೀರಲ್ಲಿ ಕರಗಿರೋ ಆಕ್ಸಿಜನ್ ನೋಡ್ಬೇಕು, ಅದಕ್ಕೆ ಮ್ಯಾಂಗನೀಸ್ ಸಲ್ಫೇಟೂ ಆಲ್ಕಲೈ ಅಯೋಡೈಡೂ ಹಾಕಿ ಅಲ್ಲೇ ದಂಡೇ ಮೇಲೇ ಫಿಕ್ಸ್ ಮಾಡ್ಬೇಕು, ಅಂದ್ರೆ ಆಕ್ಸಿಜನ್ ಹೆಚ್ಚುಕಮ್ಮಿ ಆಗದ ಹಾಗೆ ಹಿಡಿದಿಡ್ಬೇಕು, ಕಾಲೇಜಿಗೆ ಹೋಗಿ ಮಾಡ್ತೀನಿ ಅಂದ್ರೆ ಬಸ್ಸಲ್ಲೇ ನಂಬರ್ ಬದಲಾಗೋಗತ್ತೆ. 20 ಡಿಗ್ರಿ ಇರೋ ಶುದ್ಧ ನೀರು ಸಮುದ್ರಮಟ್ಟದಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಕ್ಸಿಜನ್ ಹಿಡ್ಕೊಳ್ಳತ್ತೆ, ಬಿಸಿ ಏರಿದಷ್ಟೂ ಕಮ್ಮಿ ಆಗತ್ತೆ, ಹಾಗಾಗಿ ಮೇ ತಿಂಗಳ ರೀಡಿಂಗನ್ನ ಡಿಸೆಂಬರ್‌ದಕ್ಕೆ ಸುಮ್ನೆ ಹೋಲಿಸೋ ಹಾಗಿಲ್ಲ. ಇದು ಫಿಸಿಕ್ಸೂ ಕೆಮಿಸ್ಟ್ರಿಯೂ. ಆಮೇಲೆ ಬಿಒಡಿ, ಅಂದ್ರೆ ನೀರಲ್ಲಿರೋ ಕೊಳೆನ ತಿನ್ನೋಕೆ ಬ್ಯಾಕ್ಟೀರಿಯಾಗಳಿಗೆ ಎಷ್ಟು ಆಕ್ಸಿಜನ್ ಬೇಕು ಅನ್ನೋ ಲೆಕ್ಕ. ಹಳೇ ಪುಸ್ತಕಗಳಲ್ಲಿ 20 ಡಿಗ್ರಿ 5 ದಿನ ಅಂತಿರತ್ತೆ, ನಮ್ಮ ದೇಶದ ಹವೆಗೆ 27 ಡಿಗ್ರಿಯಲ್ಲಿ 3 ದಿನ ಇಡ್ತಾರೆ. ಇದು ಮೈಕ್ರೋಬಯಾಲಜಿ. ಸ್ನಾನಕ್ಕೆ ಯೋಗ್ಯವಾದ ನೀರಂದ್ರೆ ಬಿಒಡಿ 3 ಮಿಲಿಗ್ರಾಂ ಒಳಗಿರ್ಬೇಕು, ಆಕ್ಸಿಜನ್ 5ಕ್ಕಿಂತ ಮೇಲಿರ್ಬೇಕು ಅನ್ನೋ ಮಾನದಂಡ ಇದೆ. ಅದನ್ನ ಯಾರು ಮಾಡಿದ್ರು, ಮೀರಿದ್ರೆ ಯಾರು ಕೇಳ್ಬೇಕು ಅಂತ ಹೊರಟ್ರೆ 1974ರ ವಾಟರ್ ಆಕ್ಟ್ ಓದ್ಬೇಕು, ದೇಶದ ಹೆಚ್ಚಿನ ಪೊಲ್ಯೂಷನ್ ಕಂಟ್ರೋಲ್ ಬೋರ್ಡ್‌ಗಳು ಹುಟ್ಟಿದ್ದೇ ಆ ಕಾನೂನಿಂದ.

ಇನ್ನೂ ಮುಗಿದಿಲ್ಲ. ಆ ನೀರು ಮುಂದೆ ಭೀಮೆಗೆ ಸೇರತ್ತೆ, ಉಜನಿ ಡ್ಯಾಮಲ್ಲಿ ನಿಲ್ಲತ್ತೆ, ಪಂಢರಪುರದ ಮುಂದೆ ಹರಿಯತ್ತೆ, ಆಮೇಲೆ ವಿಜಯಪುರ, ಕಲಬುರಗಿ, ಯಾದಗಿರಿ ಜಿಲ್ಲೆ ದಾಟಿ ರಾಯಚೂರು ಹತ್ರ ಕೃಷ್ಣೆಗೆ ಸೇರತ್ತೆ. ಗಾಣಗಾಪುರದ ಸಂಗಮದಲ್ಲಿ ಜನ ಮುಳುಗು ಹಾಕೋದು ಇದೇ ಹೊಳೇಲಿ. ಪುಣೆಯಲ್ಲಿ ಕೂತು ಈ ಸಬ್ಜೆಕ್ಟ್ ಓದೋ ಕನ್ನಡದ ಹುಡುಗ ಹುಡುಗಿಯರಿಗೆ ನಾನು ಇದನ್ನ ಪ್ರತಿ ಸಲ ಹೇಳ್ತೀನಿ, ನೀವು ಇಲ್ಲಿ ಅಳೀತಿರೋದು ನಿಮ್ಮ ಊರಿನ ಹೊಳೆಯ ಮೇಲ್ಗಡೆಯ ನೀರು. ಇಲ್ಲಿ ಎಸ್‌ಟಿಪಿ, ಅಂದ್ರೆ ಚರಂಡಿ ನೀರು ಶುದ್ಧ ಮಾಡೋ ಘಟಕ, ಸರಿಯಾಗಿ ಓಡ್ತೋ ಇಲ್ವೋ ಅನ್ನೋದು ಅಲ್ಲಿವರೆಗೂ ಸಂಬಂಧಪಟ್ಟ ವಿಷಯ.

ನ್ಯಾಚುರಲ್ ರಿಸೋರ್ಸ್ ಮ್ಯಾನೇಜ್ಮೆಂಟ್ ಅಂದ್ರೆ ಬೇರೆ ಕೋರ್ಸಾ? ಎರಡರಲ್ಲಿ ಯಾವ್ದು ತಗೊಳ್ಳೋದು?

ಕೆಲವು ಕಡೆ ಬೇರೆ ಡಿಗ್ರಿ, ಕೆಲವು ಕಡೆ ಇದೇ ಎಂಎಸ್ಸಿಯೊಳಗೆ ಒಂದೆರಡು ಪೇಪರ್. ಎನ್ವಿರಾನ್ಮೆಂಟಲ್ ಸೈನ್ಸ್‌ನಲ್ಲಿ ಏನು ಕೆಟ್ಟಿದೆ, ಎಷ್ಟು ಕೆಟ್ಟಿದೆ, ಹೇಗೆ ತಡೆಯೋದು ಅನ್ನೋದರ ಮೇಲೆ ಒತ್ತು ಜಾಸ್ತಿ. ರಿಸೋರ್ಸ್ ಮ್ಯಾನೇಜ್ಮೆಂಟ್‌ನಲ್ಲಿ ಇರೋ ನೀರು, ಮಣ್ಣು, ಕಾಡು, ಹುಲ್ಲುಗಾವಲನ್ನ ಯಾರು ಬಳಸ್ತಾರೆ, ಹೇಗೆ ಹಂಚ್ಕೊಳ್ತಾರೆ, ಮುಂದಿನ ವರ್ಷಕ್ಕೆ ಎಷ್ಟು ಉಳೀಬೇಕು ಅನ್ನೋದೇ ಮುಖ್ಯ. ನನಗೆ ಈ ಎರಡನೇದು ಕಷ್ಟ ಅನ್ಸತ್ತೆ, ಯಾಕಂದ್ರೆ ಅದರಲ್ಲಿ ಜನ ಇದ್ದಾರೆ.

ಬಾವಿ ನೀರನ್ನೇ ತಗೊಳ್ಳಿ. ಪುಣೆ ಕೆಳಗಿರೋದು ಡೆಕ್ಕನ್ ಟ್ರ್ಯಾಪ್, ಸುಮಾರು 6.6 ಕೋಟಿ ವರ್ಷದ ಹಿಂದೆ ಪದರಪದರವಾಗಿ ಹರಿದು ಗಟ್ಟಿಯಾದ ಲಾವಾ, ಇದೇ ಕಪ್ಪು ಕಲ್ಲು ವಿಜಯಪುರ, ಬೀದರ್‌ವರೆಗೂ ಹಬ್ಬಿದೆ. ಇದರಲ್ಲಿ ಸವೆದ ಪದರ, ಬಿರುಕು ಬಿಟ್ಟ ಪದರದಲ್ಲಿ ಮಾತ್ರ ನೀರು ನಿಲ್ಲತ್ತೆ, ಗಟ್ಟಿ ಪದರದಲ್ಲಿ ನಿಲ್ಲಲ್ಲ. ಹಾಗಾಗಿ ಒಂದು ಹೊಲದಲ್ಲಿ ಬೋರ್ ಹಾಕಿದ್ರೆ ನೀರು, ಪಕ್ಕದ ಹೊಲದಲ್ಲಿ ಬರೀ ಧೂಳು. ಇಲ್ಲಿವರೆಗೆ ಜಿಯಾಲಜಿ. ಆದ್ರೆ ಮೊದಲನೇ ಹೊಲದವನು ಆಳಕ್ಕೆ ಬೋರ್ ಹಾಕಿ ಕಬ್ಬು ಬೆಳೆದ್ರೆ ಅಕ್ಕಪಕ್ಕದ ತೆರೆದ ಬಾವಿಗಳು ಒಣಗ್ತವೆ, ಅವನ ಜಮೀನು ಅವನ ಬೋರು, ಯಾರು ಕೇಳೋರು? ಅಹಮದ್‌ನಗರ, ಅಂದ್ರೆ ಈಗಿನ ಅಹಿಲ್ಯಾನಗರ ಜಿಲ್ಲೆಯ ಹಿವರೆ ಬಾಜಾರ್ ಊರವರು ಇದಕ್ಕೆ ಉತ್ತರ ಹುಡುಕಿದ್ರು. ಪೋಪಟ್‌ರಾವ್ ಪವಾರ್ ಮುಂದಾಳತ್ವದಲ್ಲಿ ಗುಡ್ಡದ ಮೇಲೆ ಟ್ರೆಂಚ್ ತೋಡಿ ಮಳೆ ನೀರು ಇಂಗಿಸಿದ್ರು, ಅದರ ಜೊತೆಗೇ ಹೊಲಕ್ಕೆ ಬೋರ್‌ವೆಲ್ ಬೇಡ, ಜಾಸ್ತಿ ನೀರು ಕುಡಿಯೋ ಕಬ್ಬು ಬಾಳೆ ಬೇಡ ಅಂತ ನಿಯಮ ಮಾಡ್ಕೊಂಡ್ರು. ಆ ವರ್ಷ ಬಿದ್ದ ಮಳೆ ನೋಡಿ ಯಾವ ಬೆಳೆ ಎಷ್ಟು ಅಂತ ಗ್ರಾಮಸಭೆಯಲ್ಲಿ ಲೆಕ್ಕ ಹಾಕ್ತಾರೆ. ಟ್ರೆಂಚ್ ತೋಡಿದ ಊರುಗಳು ಬೇಕಾದಷ್ಟಿವೆ, ಈ ಲೆಕ್ಕ ಹಾಕೋ ಊರುಗಳು ಕಮ್ಮಿ, ವ್ಯತ್ಯಾಸ ಇರೋದೇ ಅಲ್ಲಿ.

ಇದೇ ಮಾತು ದೊಡ್ಡ ಮಟ್ಟದಲ್ಲಿ ಕೃಷ್ಣಾ ಕೊಳ್ಳದ್ದು. ಕೃಷ್ಣಾ ನೀರಿನ ಜಗಳ ಬಗೆಹರಿಸೋಕೆ ಕೂತ ಬಚಾವತ್ ಟ್ರಿಬ್ಯೂನಲ್ ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಗಿನ ಆಂಧ್ರಕ್ಕೆ 800 ಟಿಎಂಸಿ ಅಂತ ಹಂಚ್ತು. ಅಂಥ ಒಂದು ತೀರ್ಪನ್ನ ಎರಡೂ ರಾಜ್ಯದ ಕಣ್ಣಿಂದ ಓದೋಕೆ ಪುಣೆಯಲ್ಲಿರೋ ಕನ್ನಡದವರಿಗಿಂತ ಒಳ್ಳೇ ಜಾಗ ಬೇರೆ ಯಾರಿಗಿದೆ ಹೇಳಿ.

ಜನರ ಜೊತೆ ಕೂತು ಮಾತಾಡೋದು ಇಷ್ಟ ಇದ್ರೆ ರಿಸೋರ್ಸ್ ಮ್ಯಾನೇಜ್ಮೆಂಟ್, ಲ್ಯಾಬೂ ಅಳತೆಯೂ ಇಷ್ಟ ಇದ್ರೆ ಎನ್ವಿರಾನ್ಮೆಂಟಲ್ ಸೈನ್ಸ್. ಇದು ನನ್ನ ಅಭಿಪ್ರಾಯ.

ನಮ್ಮ ಮಗಳು ಪಿಸಿಬಿ (ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ) ತಗೊಂಡಾಳ್ರಿ, ಮ್ಯಾಥ್ಸ್ ಇಲ್ಲ. ನಡೀತೈತೇನ್ರಿ?

ನಡೀತದ್ರಿ. ಆದ್ರೆ ಸ್ಟ್ಯಾಟಿಸ್ಟಿಕ್ಸ್ ತಪ್ಪಲ್ಲ, ಅದನ್ನ ಕಲಿಯೋಕೆ ಟ್ವೆಲ್ತ್ ಮ್ಯಾಥ್ಸೇ ಬೇಕು ಅಂತೇನಿಲ್ಲ, ಭಯ ಬಿಟ್ರೆ ಸಾಕು. ಗಾಳಿಯ ಮಾಡೆಲಿಂಗ್, ಹೈಡ್ರಾಲಜಿ ಕಡೆ ಹೋಗ್ತೀನಿ ಅಂದ್ರೆ ಮಾತ್ರ ಮ್ಯಾಥ್ಸ್ ಬೇಕಾಗತ್ತೆ. ಕಾಮರ್ಸ್, ಆರ್ಟ್ಸ್ ಓದಿದವರಿಗೆ ಎಂಎಸ್ಸಿ ಬಾಗಿಲು ಸಾಮಾನ್ಯವಾಗಿ ಮುಚ್ಚಿರತ್ತೆ, ಅವರು ಪರಿಸರ ಕಾನೂನು, ಪಾಲಿಸಿ, ಎಕನಾಮಿಕ್ಸ್ ಕಡೆಯಿಂದ ಬರ್ಬಹುದು. ಮುಂಬೈಯ ಟಾಟಾ ಇನ್‌ಸ್ಟಿಟ್ಯೂಟ್ ಆಫ್ ಸೋಶಿಯಲ್ ಸೈನ್ಸಸ್ ಅಂಥವರು ನೋಡ್ಬೇಕಾದ ಜಾಗ.

ಬಿಎಸ್ಸಿಯಿಂದಾನೇ ಇದೇ ಸಬ್ಜೆಕ್ಟ್ ಮಾಡೋದಾ, ಇಲ್ಲಾ ಎಂಎಸ್ಸಿಗೆ ಬರೋದಾ?

ನನ್ನನ್ನ ಕೇಳಿದ್ರೆ ಬಿಎಸ್ಸಿಯಲ್ಲಿ ಕೆಮಿಸ್ಟ್ರಿ, ಬಾಟನಿ, ಜುವಾಲಜಿ, ಜಿಯಾಲಜಿ ಇವುಗಳಲ್ಲಿ ಒಂದನ್ನ ಗಟ್ಟಿಯಾಗಿ ಓದಿ, ಎಂಎಸ್ಸಿಯಲ್ಲಿ ಇದಕ್ಕೆ ಬನ್ನಿ. ಬುನಾದಿ ಇಲ್ಲದೆ ಎಲ್ಲದರ ಮೇಲ್ಮೇಲೆ ಓದಿದವರು ಆಮೇಲೆ ಒದ್ದಾಡೋದನ್ನ ನೋಡಿದ್ದೀನಿ.

ಇನ್ನೊಂದು ಕಾರಣ ಇದೆ, ಇದನ್ನ ದಯವಿಟ್ಟು ಗಮನ ಕೊಟ್ಟು ಓದಿ. ತುಂಬಾ ಮಕ್ಕಳು ಯುಪಿಎಸ್‌ಸಿಯ ಇಂಡಿಯನ್ ಫಾರೆಸ್ಟ್ ಸರ್ವಿಸ್ ಕನಸು ಇಟ್ಕೊಂಡು ಈ ಡಿಗ್ರಿಗೆ ಬರ್ತಾರೆ. ಆ ಪರೀಕ್ಷೆ ಬರೆಯೋಕೆ ಡಿಗ್ರಿಯಲ್ಲಿ ಪಶುವೈದ್ಯಕೀಯ, ಬಾಟನಿ, ಕೆಮಿಸ್ಟ್ರಿ, ಜಿಯಾಲಜಿ, ಮ್ಯಾಥ್ಸ್, ಫಿಸಿಕ್ಸ್, ಸ್ಟ್ಯಾಟಿಸ್ಟಿಕ್ಸ್, ಜುವಾಲಜಿ ಇವುಗಳಲ್ಲಿ ಒಂದಾದ್ರೂ ಇರ್ಬೇಕು, ಇಲ್ಲಾಂದ್ರೆ ಅಗ್ರಿಕಲ್ಚರ್, ಫಾರೆಸ್ಟ್ರಿ, ಇಂಜಿನಿಯರಿಂಗ್ ಡಿಗ್ರಿ ಇರ್ಬೇಕು. ಆ ಪಟ್ಟಿಯಲ್ಲಿ ಎನ್ವಿರಾನ್ಮೆಂಟಲ್ ಸೈನ್ಸ್ ಅನ್ನೋ ಹೆಸರಿಲ್ಲ. ಬಿಎಸ್ಸಿಯಲ್ಲಿ ಇದರ ಜೊತೆ ಬಾಟನಿನೋ ಕೆಮಿಸ್ಟ್ರಿನೋ ಇದ್ರೆ ತೊಂದರೆ ಇಲ್ಲ, ಬರೀ ಇದೊಂದೇ ಇದ್ರೆ ಸಿಕ್ಕಿಹಾಕ್ಕೊಳ್ತೀರ. ಫಾರೆಸ್ಟ್ ಕಡೆಗೇ ಮನಸ್ಸಿದ್ರೆ ಕರ್ನಾಟಕದಲ್ಲೇ ಶಿರಸಿ, ಪೊನ್ನಂಪೇಟೆ ಫಾರೆಸ್ಟ್ರಿ ಕಾಲೇಜುಗಳಿವೆ, ಅಲ್ಲಿ ಬಿಎಸ್ಸಿ ಫಾರೆಸ್ಟ್ರಿ ನೇರ ದಾರಿ.

ಪುಣೆಯಲ್ಲಿ ಎಲ್ಲೆಲ್ಲಿ ಇದೆ? ಪುಣೆನೇ ಯಾಕೆ?

ಸಾವಿತ್ರಿಬಾಯಿ ಫುಲೆ ಪುಣೆ ಯೂನಿವರ್ಸಿಟಿಯಲ್ಲಿ ಎನ್ವಿರಾನ್ಮೆಂಟಲ್ ಸೈನ್ಸಸ್ ಡಿಪಾರ್ಟ್ಮೆಂಟ್ ಇದೆ, ಭಾರತಿ ವಿದ್ಯಾಪೀಠದ ಇನ್‌ಸ್ಟಿಟ್ಯೂಟ್ ಆಫ್ ಎನ್ವಿರಾನ್ಮೆಂಟ್ ಎಜುಕೇಷನ್ ಅಂಡ್ ರಿಸರ್ಚ್ ಇದೆ, ಫರ್ಗ್ಯುಸನ್ ಕಾಲೇಜಲ್ಲೂ ವಿಭಾಗ ಇದೆ. ಫೀಸು ಸರ್ಕಾರಿ ಯೂನಿವರ್ಸಿಟಿಗೂ ಖಾಸಗಿ ಡೀಮ್ಡ್ ಯೂನಿವರ್ಸಿಟಿಗೂ ತುಂಬಾ ವ್ಯತ್ಯಾಸ ಇರತ್ತೆ, ಆ ವರ್ಷದ ಪ್ರಾಸ್ಪೆಕ್ಟಸ್ ನೋಡದೆ ಯಾರ ಮಾತೂ ನಂಬಬೇಡಿ, ನನ್ನ ಮಾತೂ ಸೇರಿಸಿ.

ಪುಣೆ ಯಾಕೆ ಅಂದ್ರೆ ಕಾಲೇಜಿನ ಗೋಡೆ ಹೊರಗೇ ಪಾಠ ಇದೆ. ಹವಾಮಾನಕ್ಕೆ ಪಾಷಾಣ ಬಡಾವಣೆಯಲ್ಲಿ ಐಐಟಿಎಂ ಅನ್ನೋ ಹವಾಮಾನ ಸಂಶೋಧನಾ ಸಂಸ್ಥೆ ಇದೆ, ಗಾಳಿಯ ಗುಣಮಟ್ಟ ಮುಂಚೆನೇ ಹೇಳೋ ಸಫರ್ ವ್ಯವಸ್ಥೆ ಕಟ್ಟಿದ್ದು ಅವರೇ. ಬಟಾನಿಕಲ್ ಸರ್ವೆ, ಜುವಲಾಜಿಕಲ್ ಸರ್ವೆ ಎರಡರದ್ದೂ ಪಶ್ಚಿಮ ವಲಯದ ಕೇಂದ್ರಗಳು ಇಲ್ಲಿವೆ, ಮಹಾರಾಷ್ಟ್ರದ ಅಂತರ್ಜಲ ಇಲಾಖೆಯ ಮುಖ್ಯ ಕಚೇರಿ ಇಲ್ಲಿದೆ, ವಾಟರ್‌ಶೆಡ್ ಮತ್ತು ಅಂತರ್ಜಲದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿರೋ ಡಬ್ಲ್ಯೂಒಟಿಆರ್ (WOTR), ಆಕ್ವಾಡ್ಯಾಮ್ (ACWADAM) ಸಂಸ್ಥೆಗಳು ಇಲ್ಲಿವೆ. ನ್ಯಾಷನಲ್ ಗ್ರೀನ್ ಟ್ರಿಬ್ಯೂನಲ್‌ನ ಪಶ್ಚಿಮ ವಲಯದ ಪೀಠಾನೂ ಇಲ್ಲೇ ಕೂರತ್ತೆ. ಸ್ವಚ್ಛ್ ಅಂತ ಕಸ ಆಯೋರೇ ಕಟ್ಟಿಕೊಂಡ ಸಹಕಾರಿ ಸಂಘ ಇದೆ, ಮನೆಮನೆಯಿಂದ ಕಸ ತಗೊಂಡು ಬೇರ್ಪಡಿಸೋ ಆ ಹೆಂಗಸರಿಗೆ ಪ್ಲಾಸ್ಟಿಕ್‌ನ ವಿಧಗಳು ನಮ್ಮ ಎಂಎಸ್ಸಿ ಮಕ್ಕಳಿಗಿಂತ ಚೆನ್ನಾಗಿ ಗೊತ್ತು, ಅವರ ಜೊತೆ ಒಂದು ಬೆಳಗ್ಗೆ ಇರಿ.

ಪಶ್ಚಿಮಕ್ಕೆ ಒಂದೆರಡು ಗಂಟೆ ಹೋದ್ರೆ ಘಟ್ಟ, ಸಾವಿರಾರು ಮಿಲಿಮೀಟರ್ ಮಳೆ. ಪೂರ್ವಕ್ಕೆ ಅಷ್ಟೇ ದೂರ ಹೋದ್ರೆ ಮಳೆನೆರಳು, ಬಾರಾಮತಿ, ದೌಂಡ್ ಕಡೆಯ ಒಣ ನೆಲ. ಒಂದೇ ಜಿಲ್ಲೆಯಲ್ಲಿ ಇಷ್ಟು ವ್ಯತ್ಯಾಸ ನೋಡೋಕೆ ಸಿಗೋದು ದೊಡ್ಡ ಭಾಗ್ಯ. ಪಶ್ಚಿಮ ಘಟ್ಟದ ಬಗ್ಗೆ 2011ರಲ್ಲಿ ವರದಿ ಕೊಟ್ಟ ಸಮಿತಿಯ ಅಧ್ಯಕ್ಷರಾಗಿದ್ದ ಮಾಧವ ಗಾಡ್ಗೀಳ್ ಹುಟ್ಟಿದ್ದೂ ಪುಣೆಯಲ್ಲೇ, ಕೆಲಸ ಮಾಡಿದ್ದು ಬೆಂಗಳೂರಿನ ಐಐಎಸ್‌ಸಿಯಲ್ಲಿ. ಆ ವರದಿಯನ್ನ, ಆಮೇಲೆ ಬಂದ ಕಸ್ತೂರಿರಂಗನ್ ವರದಿಯನ್ನ ಪಕ್ಕಪಕ್ಕ ಇಟ್ಕೊಂಡು ಓದಿ. ಟಿವಿ ಚರ್ಚೆಯಲ್ಲಿ ಕೇಳಿದ್ದೇ ಬೇರೆ, ಅದರಲ್ಲಿ ಬರೆದಿರೋದೇ ಬೇರೆ ಅಂತ ಗೊತ್ತಾಗತ್ತೆ.

ಕರ್ನಾಟಕದಿಂದ ಬರೋರಿಗೆ ಅಡ್ಮಿಷನ್ ಕಷ್ಟಾನಾ?

ಕಷ್ಟ ಅಲ್ಲ, ಕಾಗದ ಪತ್ರ ಜಾಸ್ತಿ. ಬೇರೆ ಯೂನಿವರ್ಸಿಟಿಯಿಂದ ಬಂದ್ರೆ ಮೈಗ್ರೇಷನ್ ಸರ್ಟಿಫಿಕೇಟ್, ಎಲಿಜಿಬಿಲಿಟಿ ಬೇಕು. ಕರ್ನಾಟಕದ ಜಾತಿ ಪ್ರಮಾಣಪತ್ರಕ್ಕೆ ಇಲ್ಲಿ ರಾಜ್ಯದ ಮೀಸಲಾತಿ ಸಾಮಾನ್ಯವಾಗಿ ಸಿಗಲ್ಲ, ಓಪನ್‌ನಲ್ಲಿ ಲೆಕ್ಕ ಆಗತ್ತೆ, ಫೀಸ್ ರಿಯಾಯಿತಿನೂ ಅದರ ಮೇಲೇ ನಿಂತಿರತ್ತೆ. ಇದನ್ನ ಮನೇಲಿ ಮೊದಲೇ ಕೂತು ಮಾತಾಡಿ, ಸೀಟ್ ಸಿಕ್ಕಮೇಲೆ ಅಲ್ಲ.

ನಾನು ಕನ್ನಡ ಮೀಡಿಯಂ, ಮರಾಠಿ ಬರಲ್ಲ. ಹೇಗೆ?

ಕ್ಲಾಸು ಇಂಗ್ಲಿಷ್‌ನಲ್ಲಿ ನಡೆಯತ್ತೆ, ಮೊದಲ ಕೆಲವು ತಿಂಗಳು ತಲೆ ಬಿಸಿಯಾಗತ್ತೆ, ಆಮೇಲೆ ಸರಿಹೋಗತ್ತೆ, ಸೈನ್ಸ್‌ನ ಇಂಗ್ಲಿಷ್ ಕಾದಂಬರಿಯ ಇಂಗ್ಲಿಷ್‌ಗಿಂತ ಸುಲಭ. ಮರಾಠಿ ಮಾತ್ರ ಕಲೀಲೇಬೇಕು. ಹಳ್ಳಿಗೆ ಹೋಗಿ ಬಾವಿ ಎಷ್ಟು ಆಳ, ಬೇಸಿಗೇಲಿ ಎಷ್ಟು ಹೊತ್ತು ಪಂಪ್ ಓಡತ್ತೆ ಅಂತ ಅಜ್ಜಿ ಒಬ್ಬರನ್ನ ಕೇಳ್ಬೇಕಾದ್ರೆ ಇಂಗ್ಲಿಷ್ ಯಾವ ಕೆಲಸಕ್ಕೂ ಬರಲ್ಲ. ಸೊಲ್ಲಾಪುರ, ಅಕ್ಕಲಕೋಟ ಕಡೆ ಹೋದ್ರೆ ನಿಮ್ಮ ಕನ್ನಡಾನೇ ದೊಡ್ಡ ಆಸ್ತಿ, ಅಲ್ಲಿ ಸರ್ವೆ ಮಾಡೋ ತಂಡಗಳಿಗೆ ಎರಡೂ ಭಾಷೆ ಬರೋರು ನಿಜವಾಗ್ಲೂ ಬೇಕು.

ಹೆಣ್ಣುಮಕ್ಕಳಿಗೆ ಫೀಲ್ಡ್ ವರ್ಕ್ ಸೇಫಾ ಮೇಡಂ?

ನಮ್ಮ ಬ್ಯಾಚಲ್ಲಿ ಹುಡುಗೀರೇ ಜಾಸ್ತಿ ಇದ್ವಿ. ಒಬ್ಬರೇ ಹೋಗೋ ಹಾಗಿಲ್ಲ, ಕತ್ತಲಾಗೋದ್ರೊಳಗೆ ವಾಪಸ್ ಬರ್ಬೇಕು, ಎಲ್ಲಿದ್ದೀವಿ ಅಂತ ಗೈಡ್‌ಗೆ ಗೊತ್ತಿರ್ಬೇಕು, ಈ ನಿಯಮ ಹುಡುಗರಿಗೂ ಇದೆ. ನನಗೆ ಹೆಚ್ಚು ಭಯ ಇರೋದು ನೀರಿಂದು. ಮಳೆಗಾಲದಲ್ಲಿ ಖಡಕ್‌ವಾಸ್ಲಾದಿಂದ ನೀರು ಬಿಟ್ರೆ ಮುಠಾ ಬೇಗ ಏರತ್ತೆ, ಭಿಡೆ ಸೇತುವೆ ಮುಳುಗೋದನ್ನ ಪುಣೆಯವರೆಲ್ಲ ನೋಡಿರ್ತಾರೆ. ಡ್ಯಾಮಿಂದ ಎಷ್ಟು ಕ್ಯೂಸೆಕ್ ಬಿಡ್ತಿದ್ದಾರೆ ಅಂತ ನೋಡದೆ ದಂಡೆಗೆ ಇಳೀಬೇಡಿ. ನಾಲಾ ನೀರಿಗೆ ಗ್ಲೌಸ್ ಇಲ್ಲದೆ ಕೈ ಹಾಕ್ಬೇಡಿ. ಟಾಯ್ಲೆಟ್ ತೊಂದರೆ ನಿಜ, ಅದಕ್ಕೇ ಫೀಲ್ಡ್ ಪ್ಲಾನ್ ಮಾಡುವಾಗಲೇ ಹತ್ತಿರದ ಶಾಲೆ, ಪಂಚಾಯಿತಿ ಆಫೀಸ್ ಎಲ್ಲಿದೆ ಅಂತ ಬರ್ಕೊಳ್ಳಿ, ಇದನ್ನ ಕೇಳೋಕೆ ನಾಚಿಕೆ ಬೇಡ.

ಕೊನೇದಾಗಿ ನೌಕರಿ ಸಿಗ್ತೈತೋ ಇಲ್ಲೋ, ಅದನ್ನ ಹೇಳ್ರಿ.

ಸಿಗತ್ತೆ, ಆದ್ರೆ ಕ್ಯಾಂಪಸ್‌ಗೇ ಕಂಪನಿ ಸಾಲಾಗಿ ಬಂದು ಕರ್ಕೊಂಡು ಹೋಗೋ ಥರ ಅಲ್ಲ. ಶುರುವಿನ ಸಂಬಳ ಸಾಫ್ಟ್‌ವೇರ್‌ನವರ ಹತ್ರಾನೂ ಬರಲ್ಲ, ಮನೆ ಸಾಲ ತೀರಿಸೋ ಭಾರ ತಲೆ ಮೇಲಿದ್ರೆ ಇದನ್ನ ಯೋಚನೆ ಮಾಡಿ ತಗೊಳ್ಳಿ, ನಾನು ಸುಳ್ಳು ಆಸೆ ಹುಟ್ಟಿಸಲ್ಲ.

ದಾರಿಗಳು ಇವು. ಟೆಸ್ಟಿಂಗ್ ಲ್ಯಾಬ್, ಅಲ್ಲಿ ಎನ್‌ಎಬಿಎಲ್ (ಲ್ಯಾಬ್‌ಗಳ ಗುಣಮಟ್ಟ ನೋಡೋ ಸಂಸ್ಥೆ) ಮಾನ್ಯತೆ ಇರೋ ಕಡೆ ಸೇರಿದ್ರೆ ಶಿಸ್ತು ಕಲೀತೀರ. ಚಾಕಣ, ಭೋಸರಿ, ರಾಂಜಣಗಾಂವ್, ಕುರ್‌ಕುಂಭ್ ಎಂಐಡಿಸಿ (ಸರ್ಕಾರಿ ಕೈಗಾರಿಕಾ ಪ್ರದೇಶ) ಫ್ಯಾಕ್ಟರಿಗಳಲ್ಲಿ ಎನ್ವಿರಾನ್ಮೆಂಟ್ ಹೆಲ್ತ್ ಸೇಫ್ಟಿ ವಿಭಾಗ, ಇಟಿಪಿ, ಅಂದ್ರೆ ಫ್ಯಾಕ್ಟರಿಯ ಕೊಳಕು ನೀರು ಶುದ್ಧ ಮಾಡೋ ಘಟಕ ನೋಡ್ಕೊಳ್ಳೋ ಕೆಲಸ. ಆಮೇಲೆ ಇಐಎ (ಯೋಜನೆಯಿಂದ ಪರಿಸರಕ್ಕೆ ಏನಾಗತ್ತೆ ಅನ್ನೋ ಅಧ್ಯಯನ) ಕನ್ಸಲ್ಟೆನ್ಸಿ, 2006ರ ನೋಟಿಫಿಕೇಷನ್ ಪ್ರಕಾರ ಗಣಿ, ಡ್ಯಾಮ್, ದೊಡ್ಡ ಕಟ್ಟಡಗಳಿಗೆ ಮುಂಚೆನೇ ಪರಿಸರ ಅನುಮತಿ ಬೇಕು, ಆ ರಿಪೋರ್ಟ್ ಮಾಡೋ ಸಂಸ್ಥೆಗಳಿಗೆ ನ್ಯಾಬೆಟ್ (NABET) ಅನ್ನೋ ಮಂಡಳಿಯ ಮಾನ್ಯತೆ ಬೇಕು. ಇಲ್ಲಿ ಒಂದು ಮಾತು. ಹಳೇ ರಿಪೋರ್ಟಿಂದ ಪಕ್ಷಿಗಳ ಪಟ್ಟಿ ಕಾಪಿ ಮಾಡಿ ಹಾಕು ಅಂತ ಯಾರಾದ್ರೂ ಹೇಳಿದ್ರೆ ಮಾಡ್ಬೇಡಿ. ಆ ಪಟ್ಟಿ ನಂಬಿ ಒಂದು ಊರಿನ ಗುಡ್ಡ ಹೋಗತ್ತೆ, ನಿಮ್ಮ ಹೆಸರು ಆ ಕಾಗದದ ಮೇಲಿರತ್ತೆ.

ಇತ್ತೀಚೆಗೆ ಇಎಸ್‌ಜಿ, ಅಂದ್ರೆ ಕಂಪನಿಗಳ ಪರಿಸರ, ಸಮಾಜ, ಆಡಳಿತದ ಲೆಕ್ಕ ಇಡೋ ಕೆಲಸ ಜಾಸ್ತಿ ಆಗಿದೆ, ಶೇರು ಮಾರುಕಟ್ಟೆ ನೋಡ್ಕೊಳ್ಳೋ ಸೆಬಿ 2022-23ರಿಂದ ಲಿಸ್ಟೆಡ್ ಕಂಪನಿಗಳಲ್ಲಿ ಮೇಲಿನ 1000ಕ್ಕೆ ಇಂಥದ್ದೇ ಲೆಕ್ಕ ಕೊಡೋ ಬಿಆರ್‌ಎಸ್‌ಆರ್ ರಿಪೋರ್ಟ್ ಕಡ್ಡಾಯ ಮಾಡಿದೆ. ಸಂಬಳ ಚೆನ್ನಾಗಿದೆ, ಎಕ್ಸೆಲ್ ಜಾಸ್ತಿ, ಮಣ್ಣು ಕಮ್ಮಿ. ಎನ್‌ಜಿಒ ಕೆಲಸದಲ್ಲಿ ಕಲಿಯೋದು ಬಹಳ, ಪ್ರಾಜೆಕ್ಟ್ ಮುಗಿದ್ರೆ ಕೆಲಸಾನೂ ಮುಗಿಯೋ ಭಯ ಇದ್ದೇ ಇರತ್ತೆ. ಸರ್ಕಾರಿ ಪೊಲ್ಯೂಷನ್ ಬೋರ್ಡ್ ಹುದ್ದೆಗಳು ಯಾವಾಗಲೋ ಒಮ್ಮೆ ಬರ್ತವೆ, ಇಂಜಿನಿಯರ್ ಹುದ್ದೆ ಬೇರೆ ಸೈಂಟಿಫಿಕ್ ಹುದ್ದೆ ಬೇರೆ, ಅರ್ಹತೆ ನೋಡಿ ಅರ್ಜಿ ಹಾಕಿ. ಪಾಠ ಮಾಡೋಕೆ ಯುಜಿಸಿ ನೆಟ್‌ನಲ್ಲಿ ಎನ್ವಿರಾನ್ಮೆಂಟಲ್ ಸೈನ್ಸಸ್ ಅಂತಾನೇ ವಿಷಯ ಇದೆ. ಗೇಟ್‌ನಲ್ಲೂ 2021ರಿಂದ ಎನ್ವಿರಾನ್ಮೆಂಟಲ್ ಸೈನ್ಸ್ ಅಂಡ್ ಇಂಜಿನಿಯರಿಂಗ್ ಪೇಪರ್ ಬಂದಿದೆ.

ಜಿಐಎಸ್ ಕಲೀಬೇಕಂತೆ, ದುಬಾರಿ ಸಾಫ್ಟ್‌ವೇರ್ ಕೊಂಡ್ಕೊಬೇಕಾ?

ಬೇಡ. ಜಿಐಎಸ್ ಅಂದ್ರೆ ಕಂಪ್ಯೂಟರ್‌ನಲ್ಲಿ ನಕ್ಷೆ ಮಾಡಿ ಅಳೆಯೋದು. ಅದಕ್ಕೆ ಕ್ಯೂಜಿಐಎಸ್ ಅನ್ನೋ ಸಾಫ್ಟ್‌ವೇರ್ ಫ್ರೀ, ಇಸ್ರೋದ ಭುವನ್ ನಕ್ಷೆ ವೆಬ್‌ಸೈಟ್ ನೋಡೋಕೆ ಫ್ರೀ, ಸೆಂಟಿನೆಲ್-2 ಉಪಗ್ರಹದ ಚಿತ್ರ 10 ಮೀಟರ್ ರೆಸಲ್ಯೂಷನ್ನಲ್ಲಿ ಫ್ರೀಯಾಗಿ ಸಿಗತ್ತೆ. ಉಜನಿ ಹಿನ್ನೀರು ಮೇ ತಿಂಗಳಲ್ಲಿ ಎಷ್ಟಿತ್ತು, ಅಕ್ಟೋಬರ್‌ನಲ್ಲಿ ಎಷ್ಟಾಯ್ತು ಅಂತ ಎರಡು ಚಿತ್ರ ಇಟ್ಕೊಂಡು ವಿಸ್ತೀರ್ಣ ಲೆಕ್ಕ ಹಾಕಿ, ಅದೇ ಮೊದಲ ಎಕ್ಸರ್ಸೈಜ್ ಆಗ್ಲಿ.

ಡಿಸರ್ಟೇಷನ್‌ಗೆ (ಎಂಎಸ್ಸಿಯ ಸಂಶೋಧನಾ ಪ್ರಾಜೆಕ್ಟ್‌ಗೆ) ಯಾವ ಟಾಪಿಕ್ ಒಳ್ಳೇದು?

ಚಿಕ್ಕದು, ಹತ್ತಿರದ್ದು, ಮತ್ತೆಮತ್ತೆ ಹೋಗಿ ಅಳೆಯೋಕೆ ಆಗೋದು. "ಹವಾಮಾನ ಬದಲಾವಣೆ ಮತ್ತು ಭಾರತ" ಅಂತ ತಗೊಂಡ್ರೆ ಯಾರೋ ಬರೆದಿದ್ದನ್ನೇ ತಿರುಗಿಸಿ ಬರೀತೀರ. ಫುರಸುಂಗಿ ಕಸದ ಡಿಪೋ ಸುತ್ತಲಿನ ಬಾವಿಗಳಲ್ಲಿ ಮಳೆಗೆ ಮುಂಚೆ ಮತ್ತು ಆಮೇಲೆ ನೈಟ್ರೇಟ್ ಎಷ್ಟು, ಕುಡಿಯೋ ನೀರಿನ ಮಿತಿ ಲೀಟರಿಗೆ 45 ಮಿಲಿಗ್ರಾಂ, ಯಾವ ಬಾವಿ ದಾಟತ್ತೆ? ಪಾಷಾಣ ಕೆರೆ ಮೇಲೆ ಅಂತರಗಂಗೆ ಯಾವ ತಿಂಗಳು ಎಷ್ಟು ಹಬ್ಬತ್ತೆ? ಊರೊಳಗಿನ ವೇತಾಳ ಟೇಕಡಿ ಗುಡ್ಡದಲ್ಲಿ ಹುಲ್ಲುಗಾವಲನ್ನ ಅಗೆದು ಸಸಿ ನೆಟ್ಟ ಜಾಗಕ್ಕೂ ಹಾಗೇ ಬಿಟ್ಟ ಜಾಗಕ್ಕೂ ಪಕ್ಷಿಗಳಲ್ಲಿ ಏನು ವ್ಯತ್ಯಾಸ? ಈ ಕೊನೇದನ್ನ ಯಾರಾದ್ರೂ ತಾಳ್ಮೆಯಿಂದ ಮಾಡ್ಲಿ ಅಂತ ನನಗೆ ತುಂಬಾ ಆಸೆ, ಹುಲ್ಲುಗಾವಲನ್ನ ಖಾಲಿ ಜಾಗ ಅಂದ್ಕೊಂಡು ಗಿಡ ತುಂಬೋದು ನಿಲ್ಬೇಕು.

ಈಗ ರಜೆ ಇದೆ, ಕ್ಲಾಸ್ ಶುರುವಾಗೋ ಮುಂಚೆ ಏನ್ ಮಾಡ್ಲಿ?

ಒಂದು ಮಳೆಮಾಪಕ ಇಟ್ಕೊಳ್ಳಿ. ಬಾಯಿಂದ ತಳದವರೆಗೆ ಒಂದೇ ಅಗಲ ಇರೋ ಡಬ್ಬಿ ಸಾಕು, ಮರ, ಗೋಡೆ ಹತ್ತಿರ ಇಲ್ಲದ ಬಯಲಲ್ಲಿ ಇಟ್ಟು ದಿನಾ ಬೆಳಗ್ಗೆ 8.30ಕ್ಕೆ ಸ್ಕೇಲ್‌ನಲ್ಲಿ ಎಷ್ಟು ಮಿಲಿಮೀಟರ್ ಅಂತ ನೋಡಿ ನೋಟ್‌ಬುಕ್‌ನಲ್ಲಿ ಬರೀರಿ, ಹವಾಮಾನ ಇಲಾಖೆಯವರೂ ದಿನದ ಮಳೆ ಲೆಕ್ಕ ಮುಗಿಸೋದು ಅದೇ ಹೊತ್ತಿಗೆ. ಮಳೆ ಬರದ ದಿನ ಸೊನ್ನೆ ಬರೀರಿ, ಖಾಲಿ ಬಿಡ್ಬೇಡಿ, ಯಾಕಂದ್ರೆ ಮಳೆ ಬರ್ಲಿಲ್ಲ ಅನ್ನೋದೂ ನಾನು ನೋಡ್ಲಿಲ್ಲ ಅನ್ನೋದೂ ಬೇರೆಬೇರೆ. ಪುಣೆಯಲ್ಲಿದ್ರೆ ಶಿವಾಜಿನಗರದ ಅಂಕಿ ಜೊತೆ, ಊರಲ್ಲಿದ್ರೆ ನಿಮ್ಮ ಹೋಬಳಿಯ ಅಂಕಿ ಜೊತೆ ಹೋಲಿಸಿ ನೋಡಿ, ವ್ಯತ್ಯಾಸ ಬಂದ್ರೆ ಯಾಕೆ ಬಂತು ಅನ್ನೋ ಪ್ರಶ್ನೆ ಹಿಡ್ಕೊಂಡು ಕ್ಲಾಸಿಗೆ ಬನ್ನಿ.